ಹಾಸನದಲ್ಲಿ ದೀಪಾವಳಿ, ಮನೆ ತುಂಬ ನೆಂಟರು: ನಾಯಿಗೆ ಏನು ವ್ಯವಸ್ಥೆ ಮಾಡೋದು?

ಕೆಂಚನ ಮನೆಯವರು, ಸಾಲಗಾಮೆ ರಸ್ತೆ

ಎಲ್ಲರಿಗೂ ನಮಸ್ಕಾರ. ನಮ್ಮ ಕೆಂಚನಿಗೆ ಇದು ಮನೆಯೊಳಗಿನ ಮೊದಲ ದೀಪಾವಳಿ. ಜಾತಿ ನಾಯಿ ಅಲ್ಲ, ಮಳೆಗಾಲದಲ್ಲಿ ಬೀದಿಯಿಂದ ತಂದು ಸಾಕಿದ್ದು. ಎರಡು ವರ್ಷದೊಳಗಿನವನು ಅಂತ ಡಾಕ್ಟರು ಹಲ್ಲು ನೋಡಿ ಹೇಳಿದರು. ರೇಬಿಸ್ ಇಂಜೆಕ್ಷನ್ ಆಗಿದೆ. ಊಟ ನಿದ್ದೆ ಎಲ್ಲ ಚೆನ್ನಾಗಿದೆ, ಮಕ್ಕಳ ಜೊತೆ ಆಟವೂ ಸರಿ. ಗುಡುಗು ಮಾತ್ರ ಆಗುವುದಿಲ್ಲ. ಮೊನ್ನೆ ಹಸ್ತ ಮಳೆಗೆ ಗುಡುಗಿದಾಗ ಬಚ್ಚಲಮನೆಯ ಹಂಡೆ ಹಿಂದೆ ಹೋಗಿ ಸೇರಿಕೊಂಡವನು ಮಳೆ ನಿಂತು ಎಷ್ಟೋ ಹೊತ್ತಾದರೂ ಈಚೆ ಬರಲಿಲ್ಲ, ಮೈಯೆಲ್ಲ ನಡುಗುತ್ತಿತ್ತು, ಬೇಯಿಸಿದ ಮೊಟ್ಟೆ ತೋರಿಸಿದರೂ ಮೂಸಿ ನೋಡಲಿಲ್ಲ. ಗುಡುಗಿಗೇ ಹೀಗಾದರೆ ಪಟಾಕಿಗೆ ಏನು ಗತಿ?

ಹಾಸನದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಸನಾಂಬೆ ಬಾಗಿಲು ತೆಗೆಯುವುದೂ ಇದೇ ಹೊತ್ತಿಗೆ. ಆಶ್ವಯುಜ ಹುಣ್ಣಿಮೆ ಕಳೆದ ಮೇಲಿನ ಗುರುವಾರದಿಂದ ಬಲಿಪಾಡ್ಯಮಿ ಮುಗಿಯುವವರೆಗೆ ನಮ್ಮೂರು ನಮ್ಮ ಕೈಯಲ್ಲಿ ಇರುವುದಿಲ್ಲ. ಮೈಸೂರು, ತುಮಕೂರು, ಬೆಂಗಳೂರು ಎಲ್ಲ ಕಡೆಯ ನೆಂಟರಿಗೂ ದರ್ಶನಕ್ಕೆ ಬಂದರೆ ಇಳಿದುಕೊಳ್ಳುವ ಮನೆ ನಮ್ಮದೇ. ಒಬ್ಬರು ಹೋದರೆ ಇನ್ನೊಬ್ಬರು. ಕ್ಯೂನಲ್ಲಿ ನಿಂತು ಬಂದವರು ನಡುರಾತ್ರಿಯಲ್ಲೂ ಬಾಗಿಲು ತಟ್ಟುತ್ತಾರೆ. ಅದರ ಜೊತೆಗೆ ಮಕ್ಕಳು, ಪಟಾಕಿ, ಹಣತೆ, ಕಜ್ಜಾಯದ ಬಾಣಲೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ. ಮಾವನವರು ಹಿತ್ತಲಲ್ಲಿ ಸೌದೆ ಕೊಟ್ಟಿಗೆಯಲ್ಲಿ ಕಟ್ಟಿಹಾಕು, ಎರಡು ದಿನ ಬೊಗಳಿ ಸುಮ್ಮನಾಗುತ್ತದೆ ಅನ್ನುತ್ತಾರೆ. ನಮ್ಮ ಮನೆಯವರ ಸ್ನೇಹಿತರೊಬ್ಬರು ನಿದ್ದೆ ಮಾತ್ರೆ ಅರ್ಧ ಕೊಟ್ಟುಬಿಡಿ ಅಂದರು. ನಾದಿನಿ ಸಕಲೇಶಪುರದ ಹತ್ತಿರ ತನ್ನ ತೋಟದ ಮನೆಗೆ ಕಳಿಸಿ ಅನ್ನುತ್ತಿದ್ದಾಳೆ. ನನಗೆ ಮೂರೂ ಸರಿ ಕಾಣುತ್ತಿಲ್ಲ. ಇಂಥ ಮನೆಯಲ್ಲಿ ನಾಯಿ ಸಾಕಿದವರು ಯಾರಾದರೂ ಇದ್ದರೆ ಹೇಳಿ, ನೀವು ಏನು ಮಾಡುತ್ತೀರಿ? ಹಬ್ಬಕ್ಕೆ ಇನ್ನೂ ಸ್ವಲ್ಪ ದಿನ ಇದೆ.

ಪಶುವೈದ್ಯೆ, ಹಾಸನ

ಮೇಡಂ, ದಿನ ಇರುವಾಗಲೇ ಕೇಳಿದ್ದೀರಿ, ಒಳ್ಳೆಯದಾಯಿತು. ನಮಗೆ ಫೋನ್ ಬರುವುದು ಸಾಮಾನ್ಯವಾಗಿ ಅಮಾವಾಸ್ಯೆ ರಾತ್ರಿ ಒಂಬತ್ತಕ್ಕೆ. ಆಗ ಹೇಳಲಿಕ್ಕೆ ನಮ್ಮ ಹತ್ತಿರವೂ ಜಾಸ್ತಿ ಏನೂ ಇರುವುದಿಲ್ಲ.

ಮೊದಲು ಜಾಗದ ವಿಷಯ. ಕೆಂಚ ತನಗೆ ಬೇಕಾದ ಜಾಗ ತಾನೇ ಹುಡುಕಿಕೊಂಡಿದ್ದಾನೆ, ಹಂಡೆ ಹಿಂದೆ. ಬೇರೆ ದಿನ ಆಗಿದ್ದರೆ ಅದನ್ನೇ ಬಿಟ್ಟುಕೊಡಿ ಅನ್ನುತ್ತಿದ್ದೆ. ಆದರೆ ನರಕ ಚತುರ್ದಶಿ ದಿನ ಎಣ್ಣೆ ಸ್ನಾನ ಇದೆಯಲ್ಲ. ಬೆಳಗಿನ ಜಾವದಿಂದಲೇ ಹಂಡೆಗೆ ಉರಿ ಹಾಕಿರುತ್ತೀರಿ, ನೆಂಟರೆಲ್ಲ ಸಾಲಾಗಿ ಒಳಗೆ ಹೋಗಿ ಬರುತ್ತಿರುತ್ತಾರೆ. ಹೆದರಿ ಓಡಿ ಬಂದ ನಾಯಿಗೆ ಅಲ್ಲಿ ಬೆಂಕಿ, ಬಿಸಿನೀರು, ಗುರುತಿಲ್ಲದ ಜನ. ಅದಕ್ಕೆ ಈಗಿನಿಂದಲೇ ಇನ್ನೊಂದು ಜಾಗ ಅಭ್ಯಾಸ ಮಾಡಿಸಿ. ಮನೆಯ ನಡುವಿನ ಒಂದು ಕೋಣೆ, ರಸ್ತೆ ಕಡೆ ಕಿಟಕಿ ಇಲ್ಲದ್ದು. ಸ್ಟೋರ್ ರೂಮ್ ಆದರೂ ಪರವಾಗಿಲ್ಲ. ಮಂಚ ಇದ್ದರೆ ಅದರ ಕೆಳಗೆ ಹಳೇ ಕಂಬಳಿ ಹಾಕಿ, ನೀವು ಉಟ್ಟು ಬಿಟ್ಟ ಹಳೇ ಸೀರೆಯೊಂದನ್ನು ಅಲ್ಲೇ ಹಾಸಿ. ದಿನಾ ಒಂದು ಹೊತ್ತಿನ ಊಟ ಅಲ್ಲೇ ಕೊಡಿ. ಹಬ್ಬ ಬರುವ ಹೊತ್ತಿಗೆ ಅದು ಅವನ ಕೋಣೆ ಆಗಿರಬೇಕು, ಹಬ್ಬದ ದಿನ ಎಳೆದು ಒಳಗೆ ಹಾಕಿ ಚಿಲಕ ಹಾಕುವ ಜೈಲು ಆಗಬಾರದು.

ಕೊಟ್ಟಿಗೆಯಲ್ಲಿ ಕಟ್ಟುವುದು ಬೇಡವೇ ಬೇಡ. ಮಾವನವರಿಗೆ ನನ್ನ ಹೆಸರು ಹೇಳಿಯೇ ಹೇಳಿ ಬೇಕಾದರೆ. ಹೆದರಿದ ನಾಯಿಗೆ ಓಡುವುದೊಂದೇ ಗೊತ್ತು. ಚೈನು ಹಾಕಿದರೆ ಸುತ್ತಿಕೊಂಡು ಕುತ್ತಿಗೆ ಬಿಗಿದುಕೊಳ್ಳುತ್ತದೆ, ಇಲ್ಲವೇ ಬೆಲ್ಟಿನಿಂದ ತಲೆ ಕಿತ್ತುಕೊಂಡು ಕಾಂಪೌಂಡ್ ಹಾರುತ್ತದೆ. ನಮ್ಮ ಕಿವಿ ಕೇಳುವುದು ಸುಮಾರು 20,000 ಹರ್ಟ್ಸ್ ತನಕ, ನಾಯಿಯದು 45,000ದ ಆಸುಪಾಸು. ನಮಗೆ ಕೇಳದ ದೂರದ ಸದ್ದೂ ಅದಕ್ಕೆ ಕೇಳುತ್ತದೆ. ತಗಡಿನ ಕೊಟ್ಟಿಗೆಯಲ್ಲಿ ಆ ಸದ್ದು ಇನ್ನೂ ಜಾಸ್ತಿ.

ಸದ್ದಿಗೆ ಸದ್ದೇ ಅಡ್ಡ. ಫ್ಯಾನ್ ಜೋರಾಗಿ ಹಾಕಿ, ಪಕ್ಕದಲ್ಲಿ ರೇಡಿಯೋ ಹಾಕಿ. ಆಕಾಶವಾಣಿ ಹಾಸನ ಆದರೂ ಸರಿ, ಒಂದೇ ಸಮನೆ ಮಾತು ಹಾಡು ಬರುತ್ತಿರಬೇಕು ಅಷ್ಟೆ. ಕರೆಂಟ್ ಹೋದರೆ ಫ್ಯಾನು, ಟೀವಿ ಎರಡೂ ನಿಂತು ಪಟಾಕಿ ಸದ್ದು ಒಮ್ಮೆಲೇ ನುಗ್ಗುತ್ತದೆ. ಅದಕ್ಕೆ ಬ್ಯಾಟರಿಯಲ್ಲಿ ಓಡುವ ಒಂದು ಸ್ಪೀಕರ್ ಚಾರ್ಜ್ ಮಾಡಿ ಇಟ್ಟುಕೊಂಡಿರಿ. ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿ, ಬೆಳಕಿನ ಮಿಂಚು ಕೂಡ ಅವಕ್ಕೆ ಹಿಂಸೆ.

ಸಂಜೆ ಐದರೊಳಗೆ ಒಂದು ಒಳ್ಳೆ ವಾಕ್ ಮುಗಿಸಿ, ಒಂದಕ್ಕೆ ಎರಡಕ್ಕೆ ಎಲ್ಲ ಆಗಲಿ. ಆರರೊಳಗೆ ಊಟ. ಗಾಬರಿ ಶುರುವಾದ ಮೇಲೆ ನಾಯಿ ತಿನ್ನುವುದಿಲ್ಲ, ನೀವೇ ಮೊಟ್ಟೆ ವಿಷಯದಲ್ಲಿ ನೋಡಿದ್ದೀರಿ.

ನಡುಗುತ್ತಿದ್ದರೆ ತಬ್ಬಿಕೊಳ್ಳಬಹುದಾ ಅಂತ ತುಂಬ ಜನ ಕೇಳುತ್ತಾರೆ. ಮುದ್ದು ಮಾಡಿದರೆ ಹೆದರಿಕೆ ಜಾಸ್ತಿ ಆಗುತ್ತದೆ ಅನ್ನುವುದು ಹಳೇ ಮಾತು, ಅದರಲ್ಲಿ ಹುರುಳಿಲ್ಲ. ಹೆದರಿಕೆ ಅನ್ನುವುದು ಬಹುಮಾನ ಕೊಟ್ಟು ಬೆಳೆಸುವ ಅಭ್ಯಾಸ ಅಲ್ಲ. ಅವನೇ ಹತ್ತಿರ ಬಂದರೆ ಕೂರಿಸಿಕೊಳ್ಳಿ, ಮೈ ಸವರಿ. ಮಂಚದ ಕೆಳಗೇ ಇರುತ್ತೇನೆ ಅಂದರೆ ಎಳೆಯಬೇಡಿ, ಅಲ್ಲೇ ಪಕ್ಕದಲ್ಲಿ ನೀವು ಕೂತಿರಿ.

ತೋಟದವರು, ಮೂಡಿಗೆರೆ ಕಡೆ

ಪಟ್ಟಣದವರು ನಾಯಿಯನ್ನು ತೀರಾ ಮಗು ಮಾಡಿಬಿಟ್ಟಿದ್ದೀರಿ ಅಂತ ನನಗೆ ಅನಿಸುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮಲ್ಲಿ ತೋಟಕ್ಕೆ ಆನೆ ಬಂದರೆ ಅರಣ್ಯ ಇಲಾಖೆಯವರು ಪಟಾಕಿ ಹೊಡೆದೇ ಓಡಿಸುವುದು. ಮಂಗ, ಹಂದಿ ಅಂತ ನಾವೂ ಹೊಡೆಯುತ್ತೇವೆ. ನಮ್ಮ ನಾಯಿಗಳು ಕಿವಿ ಕೂಡ ಅಲ್ಲಾಡಿಸುವುದಿಲ್ಲ. ಚಿಕ್ಕಂದಿನಿಂದ ಕೇಳಿ ಕೇಳಿ ಅಭ್ಯಾಸ. ನಿಮ್ಮ ನಾಯಿಯನ್ನೂ ಚೈನು ಹಿಡಿದು ಪಕ್ಕದಲ್ಲಿ ನಿಲ್ಲಿಸಿಕೊಂಡು ನಾಲ್ಕು ಲಕ್ಷ್ಮಿ ಪಟಾಕಿ ಹಚ್ಚಿ, ಏನೂ ಆಗುವುದಿಲ್ಲ ಅಂತ ಅದಕ್ಕೂ ಗೊತ್ತಾಗಲಿ.

ಆದರೆ ಸಕಲೇಶಪುರದ ತೋಟಕ್ಕೆ ಕಳಿಸುವ ಯೋಚನೆ ಬಿಡಿ. ಮೊದಲನೆಯದು, ಆ ಕಡೆಯೂ ಆನೆ ಓಡಿಸುವ ಪಟಾಕಿ ಇದ್ದೇ ಇದೆ, ಅದಕ್ಕೆ ಹಬ್ಬ ಅಮಾವಾಸ್ಯೆ ಅಂತ ಏನೂ ಇಲ್ಲ. ಎರಡನೆಯದು ಚಿರತೆ. ತೋಟದ ನಾಯಿಗಳಿಗೆ ಕತ್ತಲಾದ ಮೇಲೆ ಎಲ್ಲಿರಬೇಕು ಅಂತ ಗೊತ್ತು. ಪಟ್ಟಣದಿಂದ ಹೊಸದಾಗಿ ಬಂದ ನಾಯಿಯನ್ನು ಜಗಲಿಯಲ್ಲಿ ಕಟ್ಟಿದರೆ ಬೆಳಿಗ್ಗೆ ಬರೀ ಚೈನು ಸಿಗುತ್ತದೆ. ನಮ್ಮ ಕಡೆ ಇದು ಸುಮ್ನೆ ಹೇಳುವ ಮಾತಲ್ಲ. ಹೆದರಿ ಕಾಫಿ ಗಿಡದೊಳಗೆ ನುಗ್ಗಿದರಂತೂ ಹುಡುಕಲಿಕ್ಕೇ ಆಗುವುದಿಲ್ಲ.

ಇನ್ನೊಂದು. ಈ ಹೊತ್ತಿಗೆ ತೋಟಗಳಿಗೆ ಗೊಬ್ಬರ ಹಾಕಿರುತ್ತಾರೆ. ಹರಳು ಹಿಂಡಿ ಹಾಕಿದ ಜಾಗಕ್ಕೆ ನಾಯಿ ಬಿಡಬೇಡಿ. ವಾಸನೆಗೆ ತಿನ್ನುತ್ತವೆ, ಅದು ವಿಷ.

ವಿದ್ಯಾನಗರ, ಎರಡು ನಾಯಿ

ಅಣ್ಣ, ಚಿರತೆ ವಿಷಯ ಒಪ್ಪಿದೆ. ಆದರೆ ಹಿಡಿದು ನಿಲ್ಲಿಸಿ ಪಟಾಕಿ ಹಚ್ಚುವುದು ಮಾತ್ರ ದಯವಿಟ್ಟು ಯಾರೂ ಮಾಡಬೇಡಿ. ನಿಮ್ಮ ತೋಟದ ನಾಯಿಗಳು ಮರಿಯಿದ್ದಾಗಿನಿಂದ ಸದ್ದು ಕೇಳಿ ಬೆಳೆದವು, ಅದೂ ದೂರದಿಂದ, ಬೇಕಾದರೆ ಓಡಿಹೋಗುವ ಜಾಗ ಇಟ್ಟುಕೊಂಡು. ಇಲ್ಲಿ ಆಗಲೇ ಹೆದರಿದ ದೊಡ್ಡ ನಾಯಿಯನ್ನು ಕಟ್ಟಿ ಕೇಳಿಸಿದರೆ ಅದು ಕಲಿಯುವುದು ಒಂದೇ ಪಾಠ, ಓಡಲಿಕ್ಕೂ ಆಗುವುದಿಲ್ಲ ಅಂತ. ನಮ್ಮ ಬೀದಿಯಲ್ಲಿ ಒಬ್ಬರು ಹೀಗೆ ಮಾಡಿದ್ದರು, ಆ ನಾಯಿ ಆಮೇಲೆ ಪ್ರೆಶರ್ ಕುಕ್ಕರ್ ವಿಷಲ್‌ಗೂ ಸೋಫಾ ಹಿಂದೆ ಹೋಗುತ್ತಿತ್ತು. ಮತ್ತೆ, ನಿಮ್ಮ ನಾಯಿಗಳು ಹೆದರಿಯೇ ಇಲ್ಲ ಅಂತ ಹೇಗೆ ಗೊತ್ತು? ಕೆಲವು ನಾಯಿ ನಡುಗುವುದಿಲ್ಲ, ಸುಮ್ಮನೆ ಒಂದು ಕಡೆ ಬಿದ್ದುಕೊಂಡು ಬಾಯಿ ಚಪ್ಪರಿಸುತ್ತಿರುತ್ತವೆ, ಆಕಳಿಸುತ್ತವೆ. ಅದೂ ಹೆದರಿಕೆಯೇ.

ನಾವು ಮಾಡುವುದು ಹೇಳುತ್ತೇನೆ. ಫೋನಿನಲ್ಲಿ ಪಟಾಕಿ ಸದ್ದಿನ ರೆಕಾರ್ಡಿಂಗ್ ಸಿಗುತ್ತದೆ. ಕೇಳಿತೋ ಇಲ್ಲವೋ ಅನ್ನುವಷ್ಟು ಸಣ್ಣಗೆ ಹಾಕಿ, ಸದ್ದು ಬಂದ ಕೂಡಲೇ ಒಂದು ಚೂರು ಬೇಯಿಸಿದ ಚಿಕನ್. ಸದ್ದು, ಚಿಕನ್. ಸದ್ದು, ಚಿಕನ್. ಮೊದಲು ಸದ್ದು ಬರಬೇಕು, ಆಮೇಲೆ ತಿಂಡಿ, ಹಿಂದುಮುಂದು ಮಾಡಬಾರದು. ನಾಯಿ ಆರಾಮಾಗಿ ಬಾಲ ಆಡಿಸುತ್ತಾ ಇದ್ದರೆ ಮಾತ್ರ ಮಾರನೇ ದಿನ ಒಂದು ಚೂರು ಜೋರು. ಕಿವಿ ಹಿಂದಕ್ಕೆ ಹೋಯಿತೋ, ಅವತ್ತಿಗೆ ಸಾಕು. ಇದಕ್ಕೆ ತಿಂಗಳುಗಟ್ಟಲೆ ಬೇಕು, ಈ ಹಬ್ಬಕ್ಕೆ ಪೂರ್ತಿ ಆಗುವುದಿಲ್ಲ. ಆದರೂ ಹಬ್ಬದ ದಿನ ಹೊರಗೆ ನಿಜವಾದ ಪಟಾಕಿ ಹೊಡೆದಾಗಲೂ ಚಿಕನ್ ಕೊಡುತ್ತಲೇ ಇರಿ, ತಿಂದರೆ. ತಿಂದರೆ ಅರ್ಧ ಗೆದ್ದ ಹಾಗೆ.

ಚಿಕ್ಕಮಗಳೂರಿನ ಅಡುಗೆಮನೆ

ಎಲ್ಲರೂ ಸದ್ದಿನ ವಿಷಯ ಹೇಳಿದರು, ನಾನು ತಟ್ಟೆಯ ವಿಷಯ ಹೇಳುತ್ತೇನೆ. ನೆಂಟರ ಮನೆಯಲ್ಲಿ ಪಟಾಕಿಗಿಂತ ದೊಡ್ಡ ಅಪಾಯ ಪ್ರೀತಿಯಿಂದ ತಿನ್ನಿಸುವ ಅತ್ತೆ, ಚಿಕ್ಕಮ್ಮ, ದೊಡ್ಡಪ್ಪ. ಒಂದು ಚೂರು ಕೊಟ್ಟರೆ ಏನಾಗುತ್ತದೆ ಅಂತ ಒಬ್ಬೊಬ್ಬರೂ ಒಂದೊಂದು ಚೂರು. ಹದಿನೈದು ಜನರ ಒಂದೊಂದು ಚೂರು ಕಜ್ಜಾಯ ಅಂದರೆ ಹದಿನೆಂಟು ಕೆಜಿ ನಾಯಿಗೆ ಎಷ್ಟು ಎಣ್ಣೆ ಆಯಿತು ಲೆಕ್ಕ ಹಾಕಿ. ಕಜ್ಜಾಯ, ಬೋಂಡ, ತುಪ್ಪದ ಹೋಳಿಗೆ ಇವೆಲ್ಲ ಒಟ್ಟಿಗೆ ಹೋದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ವಾಂತಿ, ಹೊಟ್ಟೆ ನೋವು, ಬೆನ್ನು ಬಾಗಿಸಿ ನಿಲ್ಲುವುದು. ಹಬ್ಬದ ಮಾರನೇ ದಿನ ಡ್ರಿಪ್ ಹಾಕಿಸಿಕೊಂಡು ಮಲಗಿರುವ ನಾಯಿಗಳನ್ನು ಆಸ್ಪತ್ರೆಯಲ್ಲಿ ನೋಡಿದ್ದೇನೆ.

ಒಣದ್ರಾಕ್ಷಿ ಮಾತ್ರ ಬೇಡವೇ ಬೇಡ. ಪಾಯಸ, ಕೇಸರಿಬಾತು, ಲಾಡು ಎಲ್ಲದರಲ್ಲೂ ಇರುತ್ತದೆ, ಕಾಣಿಸುವುದೂ ಇಲ್ಲ. ಕೆಲವು ನಾಯಿಗೆ ತಿಂದರೂ ಏನೂ ಆಗುವುದಿಲ್ಲ, ಕೆಲವಕ್ಕೆ ಸ್ವಲ್ಪಕ್ಕೇ ಕಿಡ್ನಿ ಕೈಕೊಡುತ್ತದೆ, ಯಾವುದಕ್ಕೆ ಅಂತ ಮೊದಲೇ ತಿಳಿಯುವುದಿಲ್ಲ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ಇದಕ್ಕೆ ಕಾರಣ ಇರಬೇಕು ಅಂತ 2021ರಿಂದ ಪಶುವೈದ್ಯರು ಹೇಳುತ್ತಿದ್ದಾರೆ. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಧಾರಾಳ ಇದೆ. ಹಾಗಾಗಿ ಪುಳಿಯೋಗರೆ, ಗೊಜ್ಜು ಉಳಿದದ್ದನ್ನು ನಾಯಿ ತಟ್ಟೆಗೆ ಸುರಿಯಬೇಡಿ. ಈರುಳ್ಳಿ, ಬೆಳ್ಳುಳ್ಳಿ ರಕ್ತಕಣ ಒಡೆಯುತ್ತದೆ, ಅದು ಬೇಯಿಸಿದರೂ ಅಷ್ಟೇ. ಡಯಾಬಿಟಿಸ್ ಇರುವ ನೆಂಟರಿಗೆ ಅಂತ ಸಕ್ಕರೆ ಇಲ್ಲದ ಸ್ವೀಟ್, ಚ್ಯೂಯಿಂಗ್ ಗಮ್ ತಂದಿದ್ದರೆ ಲೇಬಲ್ ನೋಡಿ. ಕ್ಸೈಲಿಟಾಲ್ ಅಂತ ಬರೆದಿದ್ದರೆ ಅದನ್ನು ಬೀರುವಿನ ಮೇಲೆ ಇಡಿ, ನಾಯಿಯ ರಕ್ತದ ಸಕ್ಕರೆ ಒಮ್ಮೆಲೇ ಇಳಿಸಿಬಿಡುತ್ತದೆ.

ಚಾಕೊಲೇಟ್ ಕೆಟ್ಟದ್ದು ಅಂತ ಈಗ ಎಲ್ಲರಿಗೂ ಗೊತ್ತು. ಕಾಫಿ ಬಗ್ಗೆ ಯಾರೂ ಯೋಚಿಸುವುದಿಲ್ಲ, ಅದೂ ನಮ್ಮ ಊರುಗಳಲ್ಲಿ! ನೆಂಟರಿದ್ದಾಗ ಫಿಲ್ಟರ್ ದಿನಕ್ಕೆ ಎಷ್ಟು ಸಲ ತುಂಬಿಸುತ್ತೇವೋ ಲೆಕ್ಕ ಇಲ್ಲ. ಡಿಕಾಕ್ಷನ್ ಇಳಿಸಿದ ಚರಟದಲ್ಲೂ ಕೆಫೀನ್ ಉಳಿದಿರುತ್ತದೆ. ಅದನ್ನು ಗುಲಾಬಿ ಬುಡಕ್ಕೆ ಹಾಕುತ್ತೇವೆ, ಹಾಲು ಬೆಲ್ಲದ ವಾಸನೆ ಸೇರಿದ್ದರೆ ನಾಯಿ ಅದನ್ನೂ ನೆಕ್ಕುತ್ತದೆ. ಎದೆ ಬಡಿತ ಜೋರಾಗಿ, ಕೂರಲಾಗದೆ ಒದ್ದಾಡುತ್ತದೆ, ಪಟಾಕಿಗೆ ಹೆದರಿದೆ ಅಂತ ನಾವು ಸುಮ್ಮನಿರುತ್ತೇವೆ. ಮುಚ್ಚಳ ಇರುವ ಕಸದ ಬುಟ್ಟಿ ಇಟ್ಟುಕೊಳ್ಳಿ.

ಏನಾದರೂ ತಿಂದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಆ ಉಪ್ಪೇ ಇನ್ನೊಂದು ವಿಷ ಆಗುತ್ತದೆ. ಏನು ತಿಂದಿತು, ಎಷ್ಟು, ಎಷ್ಟು ಹೊತ್ತಾಯಿತು ಅಂತ ಬರೆದುಕೊಂಡು ಡಾಕ್ಟರಿಗೆ ಫೋನ್ ಮಾಡಿ.

ಹಣತೆ ನೆಲದ ಮೇಲೆ ಇಡುವ ಮನೆಯಾದರೆ ಈ ಸಲ ಗೋಡೆ ಮೇಲೆ, ಕಟ್ಟೆ ಮೇಲೆ ಇಡಿ. ಬಾಲ ಒಂದು ಸಲ ಬೀಸಿದರೆ ಸಾಕು. ಎಣ್ಣೆಯ ಆಸೆಗೆ ಬತ್ತಿಯನ್ನೂ ನುಂಗುತ್ತವೆ. ಬಲಿಪಾಡ್ಯಮಿ ದಿನ ಹೊಸಿಲಿಗೆ ಸಗಣಿ ಇಟ್ಟು ಹೂ ಸಿಕ್ಕಿಸುತ್ತೇವಲ್ಲ, ನಮ್ಮನೆಯವನು ಪೂಜೆ ಮುಗಿಯುವ ಮುಂಚೆಯೇ ಬಲೀಂದ್ರನನ್ನು ತಿಂದು ಮುಗಿಸಿದ್ದ. ಅದರಿಂದ ಅವನಿಗೆ ಏನೂ ಆಗಲಿಲ್ಲ, ನಮ್ಮ ಅಜ್ಜಿಗೆ ಮಾತ್ರ ಬಿ.ಪಿ. ಏರಿತು.

ಕೆಂಚನ ಮನೆಯವರು, ಸಾಲಗಾಮೆ ರಸ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ಒಣದ್ರಾಕ್ಷಿ ವಿಷಯ ಗೊತ್ತೇ ಇರಲಿಲ್ಲ, ಹುಣಸೆಹಣ್ಣಿನದಂತೂ ಕೇಳಿಯೇ ಇಲ್ಲ. ನಾದಿನಿಗೆ ಚಿರತೆ ಕಥೆ ಓದಿ ಹೇಳಿದೆ, ಹೌದು ಪಕ್ಕದ ತೋಟದಲ್ಲೂ ಹೋಗಿದೆ ಅಂತ ಈಗ ಹೇಳುತ್ತಿದ್ದಾಳೆ!

ಡಾಕ್ಟರೇ, ಕೋಣೆ ಹೊಂದಿಸಬಹುದು. ದೇವರಮನೆ ಪಕ್ಕದ ಸಾಮಾನಿನ ಕೋಣೆಗೆ ಕಿಟಕಿಯೇ ಇಲ್ಲ. ಆದರೆ ನಿದ್ದೆ ಮಾತ್ರೆ ಬಗ್ಗೆ ನೀವು ಏನೂ ಹೇಳಲಿಲ್ಲ. ಮನೆಯಲ್ಲಿ ಅದರದೇ ವಾದ ನಡೆಯುತ್ತಿದೆ. ಅತ್ತೆಯವರಿಗೆ ಬರೆದುಕೊಟ್ಟ ಮಾತ್ರೆ ಇದೆ, ಅದನ್ನೇ ಅರ್ಧ ಕೊಡೋಣ ಅಂತ. ಮೆಡಿಕಲ್ ಶಾಪಿನವರೂ ಕೊಡಬಹುದು ಅಂದರಂತೆ.

ಪಶುವೈದ್ಯೆ, ಹಾಸನ

ಕೊಡಬೇಡಿ. ಮೆಡಿಕಲ್ ಶಾಪಿನವರು ಕೆಂಚನನ್ನು ನೋಡಿಲ್ಲ, ಅವನ ತೂಕ ಗೊತ್ತಿಲ್ಲ, ಲಿವರ್ ಹೇಗಿದೆ ಗೊತ್ತಿಲ್ಲ. ಮನುಷ್ಯರ ಔಷಧಿಯಲ್ಲಿ ಕೆಲವನ್ನು ನಾವೂ ನಾಯಿಗೆ ಬರೆಯುತ್ತೇವೆ, ಟ್ರಾಜೊಡೋನ್, ಗ್ಯಾಬಪೆಂಟಿನ್, ಆಲ್ಪ್ರಜೋಲಾಮ್ ಇಂಥವು. ಆದರೆ ಡೋಸ್ ನಾಯಿಯ ತೂಕಕ್ಕೆ ಬೇರೆ, ಕೊಡುವ ಹೊತ್ತೂ ಬೇರೆ. ಪಟಾಕಿ ಶುರುವಾಗುವುದಕ್ಕೆ ಸಾಕಷ್ಟು ಮುಂಚೆ ಕೊಡಬೇಕು, ನಡುಗಲು ಶುರುವಾದ ಮೇಲೆ ಕೊಟ್ಟರೆ ಅಷ್ಟಾಗಿ ಹಿಡಿಯುವುದಿಲ್ಲ. ಮುಖ್ಯವಾಗಿ, ಹಬ್ಬಕ್ಕೆ ಮುಂಚೆ ಒಂದು ಸಾಧಾರಣ ದಿನ ಕೊಟ್ಟು ನೋಡಬೇಕು. ಕೆಲವು ನಾಯಿ ಶಾಂತವಾಗುವ ಬದಲು ಇನ್ನೂ ಚಡಪಡಿಸುತ್ತದೆ. ಅದು ಅಮಾವಾಸ್ಯೆ ರಾತ್ರಿ ಗೊತ್ತಾದರೆ ಏನು ಮಾಡುತ್ತೀರಿ? ಅದಕ್ಕೆ ಈ ವಾರವೇ ಕರೆದುಕೊಂಡು ಬಂದು ತೋರಿಸಿ, ನನಗೇ ಅಂತ ಅಲ್ಲ, ನೀವು ಹೋಗುವ ಡಾಕ್ಟರಿಗೆ.

ಇನ್ನೊಂದು ವಿಷಯ ಎಲ್ಲರಿಗೂ ಹೇಳಬೇಕು. ಏಸಿಪ್ರೊಮಜೀನ್ ಅನ್ನುವ ಒಂದು ಹಳೇ ಔಷಧಿ ಇದೆ, ಪಟಾಕಿಗೆ ಅಂತ ಅದೊಂದನ್ನೇ ಕೊಡುವ ರೂಢಿ ಇತ್ತು. ಅದು ಮೈಯನ್ನು ಮಲಗಿಸುತ್ತದೆ, ಹೆದರಿಕೆಯನ್ನು ಅಲ್ಲ. ನಾಯಿ ಎದ್ದು ಓಡಲಾಗದೆ ಬಿದ್ದಿರುತ್ತದೆ, ಒಳಗೆ ಅಷ್ಟೇ ಗಾಬರಿ. ನೋಡುವವರಿಗೆ ಶಾಂತವಾಗಿದೆ ಅನಿಸುತ್ತದೆ. ಯಾರಾದರೂ ಅದೊಂದನ್ನೇ ಕೊಟ್ಟರೆ ಬೇರೆ ಏನಾದರೂ ಇದೆಯಾ ಅಂತ ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ.

ಗ್ಯಾಬಪೆಂಟಿನ್ ಬರೆದುಕೊಟ್ಟರೆ ಮಾತ್ರೆ ಅಥವಾ ಕ್ಯಾಪ್ಸೂಲ್ ತೆಗೆದುಕೊಳ್ಳಿ. ಮನುಷ್ಯರಿಗೆ ಬರುವ ಸಿರಪ್ಪುಗಳಲ್ಲಿ ಕೆಲವಕ್ಕೆ ಸಿಹಿಗೆ ಅಂತ ಕ್ಸೈಲಿಟಾಲ್ ಹಾಕಿರುತ್ತಾರೆ, ಮೇಲೆ ಅಕ್ಕ ಹೇಳಿದ ಅದೇ ಕ್ಸೈಲಿಟಾಲ್. ನೋವಿನ ಮಾತ್ರೆ, ಜ್ವರದ ಮಾತ್ರೆ, ಐಬುಪ್ರೊಫೆನ್, ಪ್ಯಾರಸಿಟಮಾಲ್ ಇವನ್ನೂ ಮನೆಯಲ್ಲೇ ತೀರ್ಮಾನ ಮಾಡಿ ಕೊಡಬೇಡಿ.

ವಯಸ್ಸಾದ ನಾಯಿ ಇರುವವರಿಗೆ ಒಂದು ಮಾತು. ಇಷ್ಟು ವರ್ಷ ಪಟಾಕಿಗೆ ಹೆದರದ ನಾಯಿ ಈಗ ಇದ್ದಕ್ಕಿದ್ದ ಹಾಗೆ ಹೆದರಲು ಶುರು ಮಾಡಿದರೆ ಕೀಲು ನೋವು ಇದೆಯಾ ಅಂತ ತೋರಿಸಿ. ಸದ್ದಿಗೆ ಬೆಚ್ಚಿದಾಗ ಮೈ ಬಿಗಿಯುತ್ತದೆ, ಆಗ ನೋಯುತ್ತದೆ, ಆಮೇಲೆ ಸದ್ದು ಅಂದರೇ ನೋವು ಅಂತ ಆಗಿಬಿಡುತ್ತದೆ. ನೋವಿಗೆ ಔಷಧಿ ಕೊಟ್ಟರೆ ಹೆದರಿಕೆಯೂ ಇಳಿದದ್ದು ಇದೆ.

ಸುಟ್ಟ ಗಾಯ ಆದರೆ ನಲ್ಲಿಯ ತಣ್ಣೀರು, ಕಡಿಮೆ ಅಂದರೆ ಹತ್ತು ನಿಮಿಷ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಹರಳೆಣ್ಣೆ ಬೇಡ. ಠುಸ್ ಆದ ಪಟಾಕಿ, ಸುಟ್ಟ ಕಾಗದ ಇವನ್ನು ಬೆಳಿಗ್ಗೆ ನಾಯಿ ಹೊರಗೆ ಬಿಡುವ ಮುಂಚೆ ಗುಡಿಸಿ. ಅದರಲ್ಲಿ ಗಂಧಕ, ನೈಟ್ರೇಟ್ ಎಲ್ಲ ಇರುತ್ತದೆ, ತಿಂದರೆ ವಾಂತಿ ಭೇದಿ ಗ್ಯಾರಂಟಿ.

ಹಬ್ಬದ ರಾತ್ರಿಗೆ ಯಾರು ಸಿಗುತ್ತಾರೆ ಅಂತ ಈಗಲೇ ವಿಚಾರಿಸಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ರಜೆ ದಿನದ ಸಮಯ ಕೇಳಿಟ್ಟುಕೊಳ್ಳಿ. 1962 ನಂಬರಿನ ಪಶು ಆಂಬುಲೆನ್ಸ್ ಇದೆ, ಹೆಚ್ಚಾಗಿ ದನಕರುಗಳಿಗೆ ಓಡಾಡುತ್ತದೆ, ಆದರೂ ಹಳ್ಳಿ ಕಡೆಯವರು ನಂಬರ್ ಇಟ್ಟುಕೊಂಡಿರಿ. ಹಾಸನಾಂಬೆ ಸಮಯದಲ್ಲಿ ರಸ್ತೆ ತಿರುಗಿಸಿರುತ್ತಾರೆ, ನಿಮ್ಮ ಮನೆಯಿಂದ ಆಸ್ಪತ್ರೆಗೆ ಯಾವ ದಾರಿ ತೆರೆದಿರುತ್ತದೆ ಅಂತಲೂ ನೋಡಿಕೊಳ್ಳಿ.

ಮಲ್ಲೇನಹಳ್ಳಿ ಹತ್ತಿರದವನು

ಬಾಗಿಲ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನಮ್ಮ ಕಡೆ ನರಕ ಚತುರ್ದಶಿಗೆ ಬಿಂಡಿಗ ದೇವೀರಮ್ಮನ ಬೆಟ್ಟ. ರಾತ್ರಿಯೆಲ್ಲ ಜನ ಹತ್ತುತ್ತಾರೆ, ಮನೆಮನೆಯಲ್ಲೂ ನೆಂಟರು, ಬೆಟ್ಟಕ್ಕೆ ಹೊರಡುವವರು ಬರುವವರು ಅಂತ ಬಾಗಿಲು ಹಾಕುವುದೇ ಇಲ್ಲ. ಪ್ರತಿ ವರ್ಷ ಆ ಮಾರನೇ ದಿನ ವಾಟ್ಸಾಪ್ ಗ್ರೂಪಿನಲ್ಲಿ ನಾಯಿ ಕಳೆದಿದೆ ಅನ್ನುವ ಫೋಟೋಗಳು. ಪಟಾಕಿಗೆ ಹೆದರಿದ ನಾಯಿ ಮನೆ ದಾರಿ ನೋಡಿಕೊಂಡು ಓಡುವುದಿಲ್ಲ, ಸದ್ದಿಲ್ಲದ ಕಡೆಗೆ ಓಡುತ್ತದೆ, ಎಲ್ಲಿ ಸುಸ್ತಾಗುತ್ತದೋ ಅಲ್ಲಿ ನಿಲ್ಲುತ್ತದೆ.

ನಿಮ್ಮ ಮನೆಗೆ ನಡುರಾತ್ರಿ ಜನ ಬರುತ್ತಾರೆ ಅಂದಿರಲ್ಲ, ಅದೇ ನನಗೆ ಭಯ. ಗೇಟಿಗೆ ಒಂದು ಬೀಗ, ಕೆಂಚನ ಕೋಣೆಗೆ ಒಂದು ಚಿಲಕ, ಎರಡೂ ಬೇರೆ ಬೇರೆ. ಒಂದು ತೆರೆದಿದ್ದರೆ ಇನ್ನೊಂದು ಮುಚ್ಚಿರಲೇಬೇಕು. ಕೋಣೆ ಬಾಗಿಲಿಗೆ 'ನಾಯಿ ಇದೆ, ತೆಗೆಯಬೇಡಿ' ಅಂತ ದೊಡ್ಡದಾಗಿ ಬರೆದು ಅಂಟಿಸಿ, ನೆಂಟರು ಬಾತ್‌ರೂಮ್ ಅಂದುಕೊಂಡು ತೆಗೆಯುತ್ತಾರೆ. ಕೊರಳ ಬೆಲ್ಟಿನ ಮೇಲೆ ಅಳಿಸದ ಮಾರ್ಕರ್‌ನಲ್ಲಿ ಫೋನ್ ನಂಬರ್ ಬರೆಯಿರಿ, ತಗಡಿನ ಬಿಲ್ಲೆಯೇ ಬೇಕು ಅಂತ ಇಲ್ಲ. ಮೈಕ್ರೋಚಿಪ್ ಹಾಕಿಸಿದರೆ ಒಳ್ಳೆಯದೇ, ಆದರೆ ದಾರಿಯಲ್ಲಿ ನಾಯಿ ಸಿಕ್ಕಿದವನ ಹತ್ತಿರ ಅದನ್ನು ಓದುವ ಮೆಷಿನ್ ಇರುವುದಿಲ್ಲ, ಫೋನ್ ಇರುತ್ತದೆ. ಈಗಿನ ಒಂದು ಒಳ್ಳೆ ಫೋಟೋವೂ ಇರಲಿ, ಮೈ ಗುರುತು ಕಾಣುವ ಹಾಗೆ. ಹೊರಗೆ ಕರೆದುಕೊಂಡು ಹೋಗುವಾಗ ಹಗಲಾದರೂ ಹಗ್ಗ ಬಿಚ್ಚಬೇಡಿ, ಆ ವಾರ ಪೂರ್ತಿ. ಯಾವ ಹುಡುಗ ಯಾವ ಮೂಲೆಯಿಂದ ಆಟಂಬಾಂಬ್ ಎಸೆಯುತ್ತಾನೋ ಗೊತ್ತಾಗುವುದಿಲ್ಲ.

ಮಕ್ಕಳಿಗೂ ಹೇಳಿಡಿ. ಮಂಚದ ಕೆಳಗೆ ಅಡಗಿರುವ ನಾಯಿಯನ್ನು ಇಣುಕಿ ನೋಡುವುದು, ಕೈ ಹಾಕುವುದು ಬೇಡ. ಎಷ್ಟೇ ಸಾಧು ನಾಯಿ ಆದರೂ ಗಾಬರಿಯಲ್ಲಿ ಕಚ್ಚುತ್ತದೆ. ಕಚ್ಚಿದರೆ, ಬರೀ ಗೀರಿದರೂ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ. ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ ಬಿಡು ಅಂತ ಮನೆಯಲ್ಲಿ ತೀರ್ಮಾನ ಮಾಡಬೇಡಿ, ಡಾಕ್ಟರ್ ಹೇಳಲಿ.

ವಿದ್ಯಾನಗರ, ಎರಡು ನಾಯಿ

ಹಸಿರು ಪಟಾಕಿ ತಂದರೆ ನಾಯಿಗೆ ತೊಂದರೆ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೊಗೆ ಕಡಿಮೆ, ಸದ್ದು ಸ್ವಲ್ಪ ಕಡಿಮೆ, ಆದರೆ ನಾಯಿಯ ಕಿವಿಗೆ ಅದೂ ಪಟಾಕಿಯೇ. ನಿಮ್ಮ ಮನೆ ಮಕ್ಕಳಿಗೆ ಸುರ್‌ಸುರ್ ಬತ್ತಿ, ಹೂಕುಂಡ, ಭೂಚಕ್ರ ಸಾಕು ಅಂತ ಒಪ್ಪಿಸಿ.

ಅಕ್ಕಪಕ್ಕದವರ ಹತ್ತಿರ ಜಗಳ ಬೇಡ, ಆದರೆ ಒಂದು ಸಲ ಹೋಗಿ ಹೇಳಿ ಬನ್ನಿ. ದೀಪಾವಳಿಗೆ ಪಟಾಕಿ ರಾತ್ರಿ 8ರಿಂದ 10ರವರೆಗೆ ಮಾತ್ರ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಯಾರೂ ಪೂರ್ತಿ ಪಾಲಿಸುವುದಿಲ್ಲ, ಅದು ಬೇರೆ ಮಾತು. ಆದರೂ ನಾವು ಕೇಳಿಕೊಂಡಾಗ ಎದುರು ಮನೆಯವರು ಸರಪಟಾಕಿಯನ್ನು ಬೀದಿಯ ಆ ತುದಿಗೆ ತೆಗೆದುಕೊಂಡು ಹೋದರು. ಕೇಳಿದರೆ ಕೆಲವರು ಮಾಡುತ್ತಾರೆ. ಬೀದಿ ನಾಯಿ ಬಾಲಕ್ಕೆ ಪಟಾಕಿ ಕಟ್ಟುವ ಹುಡುಗರಿದ್ದರೆ ಮಾತ್ರ ಸುಮ್ನೆ ಬಿಡಬೇಡಿ. ಅದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೂ ಅಪರಾಧ, ಪ್ರಾಣಿ ಸತ್ತರೆ ಅಥವಾ ಊನವಾದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಇದೆ. ವಿಡಿಯೋ ಮಾಡಿಕೊಂಡು 112ಕ್ಕೆ ಫೋನ್ ಮಾಡಿ.

ಗೇಟಿನ ಪಕ್ಕ ಬೀದಿ ನಾಯಿಗಳಿಗೂ ಒಂದು ಬಾನಿ ನೀರು ಇಡಿ. ಕಾರಿನ ಕೆಳಗೆ ಬಂದು ಮಲಗಿರುತ್ತವೆ, ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಬಗ್ಗಿ ನೋಡಿ, ಬಾನೆಟ್ ತಟ್ಟಿ.

ತೋಟದವರು, ಮೂಡಿಗೆರೆ ಕಡೆ

ಬಾಯಿ ಚಪ್ಪರಿಸುವುದೂ ಹೆದರಿಕೆ ಅಂದಿರಲ್ಲ ತಂಗಿ, ಇವತ್ತು ಆನೆ ಓಡಿಸಲು ಹೊಡೆದಾಗ ನಮ್ಮ ಹಳೇ ನಾಯಿಯನ್ನೇ ನೋಡುತ್ತಾ ಕೂತಿದ್ದೆ. ಚಪ್ಪರಿಸಿತು. ಇಷ್ಟು ದಿನ ಹಸಿವು ಅಂದುಕೊಂಡಿದ್ದೆ. ಉಳಿದ ಎರಡಕ್ಕೆ ನಿಜವಾಗಲೂ ಏನೂ ಇಲ್ಲ, ಅದನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ.

ಕೆಂಚನ ಮನೆಯವರು, ಸಾಲಗಾಮೆ ರಸ್ತೆ

ಸಾಮಾನಿನ ಕೋಣೆಯನ್ನು ಖಾಲಿ ಮಾಡಿದೆವು, ಇವತ್ತಿನಿಂದ ರಾತ್ರಿ ಊಟ ಅಲ್ಲೇ. ಡಾಕ್ಟರ ಹತ್ತಿರ ಟೈಮ್ ತೆಗೆದುಕೊಂಡಿದ್ದೇವೆ. ಮಾವನವರು ಕೊಟ್ಟಿಗೆ ಮಾತು ಬಿಟ್ಟಿದ್ದಾರೆ, ಬದಲಿಗೆ ತಾವೇ ರಾತ್ರಿ ಕೋಣೆ ಹತ್ತಿರ ರೇಡಿಯೋ ಇಟ್ಟುಕೊಂಡು ಕೂರುತ್ತೇನೆ ಅನ್ನುತ್ತಿದ್ದಾರೆ, ನೆಂಟರ ಗಲಾಟೆಯಿಂದ ಅವರಿಗೂ ತಪ್ಪಿಸಿಕೊಂಡ ಹಾಗಾಗುತ್ತದಂತೆ. ಒಂದೇ ಒಂದು ಕೊನೇ ಪ್ರಶ್ನೆ. ಬಲಿಪಾಡ್ಯಮಿ ಆದ ಮೇಲೆ ಎಲ್ಲ ಮೊದಲಿನ ಹಾಗೆ ಬಿಡಬಹುದಾ?

ಪಶುವೈದ್ಯೆ, ಹಾಸನ

ಆಗಲೇ ಬಿಡಬೇಡಿ. ಉಳಿದ ಪಟಾಕಿಯನ್ನೆಲ್ಲ ತುಳಸಿ ಹಬ್ಬಕ್ಕೆ ಹೊಡೆಯುತ್ತಾರೆ, ಅದು ಉತ್ಥಾನ ದ್ವಾದಶಿಗೆ, ಅಂದರೆ ಬಲಿಪಾಡ್ಯಮಿ ಕಳೆದು ಹತ್ತು ಹನ್ನೊಂದು ದಿನಕ್ಕೆ. ಅಲ್ಲಿಯವರೆಗೆ ಕೋಣೆ ಹಾಗೇ ಇರಲಿ, ಸಂಜೆ ಊಟ ಬೇಗ ಇರಲಿ. ಔಷಧಿ ಬರೆಸಿಕೊಂಡರೆ ಆ ದಿನಕ್ಕೂ ಸೇರಿಸಿಯೇ ಬರೆಸಿಕೊಳ್ಳಿ.